ಸದ್ದು, ಗಡಿಯಾರ, ಬೇಲಿ: ಕೊಡಗಿನಲ್ಲಿ ಹ್ಯಾಮ್ ರೇಡಿಯೊಗೆ ಕಂಪ್ಯೂಟರ್ ಜೋಡಿಸುವಾಗ

ಮಡಿಕೇರಿ ಬಿಟ್ಟು ಭಾಗಮಂಡಲದ ರಸ್ತೆಯಲ್ಲಿ ನಾಲ್ಕು ತಿರುವು ಇಳಿದರೆ ಕೈಯಲ್ಲಿರುವ ವಿಎಚ್‌ಎಫ್ ಹ್ಯಾಂಡಿ, ಅಂದರೆ ಹವ್ಯಾಸಿ (ಹ್ಯಾಮ್) ರೇಡಿಯೊದವರ ಕೈಸೆಟ್, ಮೂಕವಾಗುತ್ತದೆ. 144 ಮೆಗಾಹರ್ಟ್ಸ್ ಗುಡ್ಡ ಹತ್ತಿ ಇಳಿಯುವುದಿಲ್ಲ. ಇಲ್ಲಿ ಕಣಿವೆಯಿಂದ ಆಚೆ ಮಾತಾಡಬೇಕಾದರೆ ಎಚ್‌ಎಫ್ ಬೇಕು, ಅಂದರೆ ಆಕಾಶದ ಪದರಕ್ಕೆ ತಾಗಿ ಮರಳಿ ಇಳಿಯುವ ಶಾರ್ಟ್‌ವೇವ್. ಎಚ್‌ಎಫ್‌ನಲ್ಲಿ ಕಡಿಮೆ ಪವರ್, ತಗ್ಗಿನ ಆಂಟೆನಾ ಇಟ್ಟುಕೊಂಡು ಧ್ವನಿಯಲ್ಲಿ ಗುದ್ದಾಡುವ ಬದಲು ಕಂಪ್ಯೂಟರ್ ಜೋಡಿಸಿದರೆ ಕೆಲಸ ಹಗುರ. ಧ್ವನಿಯ ಬದಲು ಚುಟುಕು ಅಕ್ಷರ ಸಂದೇಶ ಕಳಿಸುವ ಡಿಜಿಟಲ್ ವಿಧಾನ (ಮೋಡ್) ಎಫ್‌ಟಿ8. ಅದರ ಸಿಗ್ನಲ್ ಒಂದರ ಅಗಲ 50 ಹರ್ಟ್ಸ್ ಅಷ್ಟೇ. 2500 ಹರ್ಟ್ಸ್ ಅಗಲದ ಗದ್ದಲಕ್ಕಿಂತ 20 ಡೆಸಿಬಲ್ ಕೆಳಗಿದ್ದರೂ, ಅಂದರೆ ಕಿವಿಗೆ ಏನೂ ಕೇಳಿಸದಿದ್ದರೂ, ತೆರೆಯ ಮೇಲೆ ಎದುರಿನವರ ಕಾಲ್‌ಸೈನ್ (ಲೈಸೆನ್ಸಿನ ಗುರುತು) ಮೂಡುತ್ತದೆ. ರಿಸ್ಟ್ರಿಕ್ಟೆಡ್ ಗ್ರೇಡ್ ಲೈಸೆನ್ಸಿನ 50 ವ್ಯಾಟ್ ಮಿತಿ ಇದಕ್ಕೆ ಧಾರಾಳ ಸಾಕು.

ತೊಡಕು ಬರುವುದು ಸಾಫ್ಟ್‌ವೇರಿನಲ್ಲಿ ಅಲ್ಲ. ಎಫ್‌ಟಿ8 ಓಡಿಸುವ ಡಬ್ಲ್ಯುಎಸ್‌ಜೆಟಿ-ಎಕ್ಸ್ ಇಳಿಸಿಕೊಂಡು ಕಾಲ್‌ಸೈನ್, ಗ್ರಿಡ್ (ನೀವಿರುವ ಭೂಪಟದ ಚೌಕದ ಸಂಕೇತ) ತುಂಬುವುದು ಐದು ನಿಮಿಷದ ಕೆಲಸ. ಮಡಿಕೇರಿಯ ಗ್ರಿಡ್ ಎಂಕೆ72ಯುಕೆ, ವಿರಾಜಪೇಟೆಯದು ಎಂಕೆ72ವಿಇ, ಕುಶಾಲನಗರದ್ದು ಎಂಕೆ72ಎಕ್ಸ್‌ಕೆ. ಕುಶಾಲನಗರದಿಂದ ಇನ್ನು ಸ್ವಲ್ಪ ಪೂರ್ವಕ್ಕೆ ಸರಿದು 76 ಡಿಗ್ರಿ ರೇಖಾಂಶ ದಾಟಿದರೆ ಎಂಕೆ82 ಶುರು. ಜನ ಸೋಲುವುದು ಬೇರೆ ಮೂರು ಕಡೆ: ರಿಗ್‌ಗೆ (ರೇಡಿಯೊ ಸೆಟ್ಟಿಗೆ) ಹೋಗುವ ಸದ್ದಿನ ಮಟ್ಟ, ಕಂಪ್ಯೂಟರಿನ ಗಡಿಯಾರ, ಮನೆಯ ಸುತ್ತಲಿನ ವಿದ್ಯುತ್ ಗದ್ದಲ.

ಜೋಡಣೆ

ರಿಗ್ ಒಳಗೇ ಸೌಂಡ್‌ಕಾರ್ಡ್ ಇದ್ದರೆ, ಉದಾಹರಣೆಗೆ ಐಕಾಮ್ ಐಸಿ-7300, ಒಂದೇ ಯುಎಸ್‌ಬಿ ಕೇಬಲ್ಲಿನಲ್ಲಿ ಎಲ್ಲ ಮುಗಿಯುತ್ತದೆ. ಹೊಸಬರಿಗೆ ಇಲ್ಲೊಂದು ಗೊಂದಲ: ಕೇಬಲ್ಲಿನ ಹೆಸರೂ ಯುಎಸ್‌ಬಿ, ಅಪ್ಪರ್ ಸೈಡ್‌ಬ್ಯಾಂಡ್ ಮೋಡಿನ ಹೆಸರೂ ಯುಎಸ್‌ಬಿ. 7 ಮೆಗಾಹರ್ಟ್ಸ್‌ನಲ್ಲಿ ಧ್ವನಿಗೆ ಎಲ್‌ಎಸ್‌ಬಿ (ಲೋಯರ್ ಸೈಡ್‌ಬ್ಯಾಂಡ್) ಬಳಸುವ ಅಭ್ಯಾಸ ಇದ್ದರೂ ಡಿಜಿಟಲ್‌ಗೆ ಎಲ್ಲ ಬ್ಯಾಂಡಿನಲ್ಲೂ ಯುಎಸ್‌ಬಿಯೇ, ಅದರಲ್ಲೂ ಯುಎಸ್‌ಬಿ-ಡೇಟಾ. ಬರಿ ಯುಎಸ್‌ಬಿಯಲ್ಲಿಟ್ಟರೆ ಮೈಕ್ ತೆರೆದೇ ಇರುತ್ತದೆ, ಸ್ಪೀಚ್ ಕಂಪ್ರೆಸರ್ ಸಿಗ್ನಲ್ಲನ್ನು ಹಿಂಡಿ ಹಿಪ್ಪೆ ಮಾಡುತ್ತದೆ.

ಹಳೆಯ ರಿಗ್‌ಗೆ ಹೊರಗಿನ ಇಂಟರ್‌ಫೇಸ್ ಬೇಕು. ರೆಡಿ ಸಿಗುತ್ತದೆ, ಮನೆಯಲ್ಲೂ ಮಾಡಬಹುದು. ಬೇಕಾಗುವುದು ಒಂದು ಯುಎಸ್‌ಬಿ ಸೌಂಡ್‌ಕಾರ್ಡ್, 600 ಓಮ್‌ನ ಒಂದಕ್ಕೊಂದು ಅನುಪಾತದ ಆಡಿಯೊ ಟ್ರಾನ್ಸ್‌ಫಾರ್ಮರ್ ಎರಡು, ಪಿಸಿ817 ಆಪ್ಟೊಕಪ್ಲರ್ (ಒಳಗಿನ ಎಲ್‌ಇಡಿ ಬೆಳಕಿನಿಂದ ಕೆಲಸ ಮಾಡುವ ಸ್ವಿಚ್) ಒಂದು, ಯುಎಸ್‌ಬಿ-ಸೀರಿಯಲ್ ಬೋರ್ಡ್ ಒಂದು, ನಾಲ್ಕಾರು ರೆಸಿಸ್ಟರ್. ಟ್ರಾನ್ಸ್‌ಫಾರ್ಮರ್ ಇರುವುದು ಲ್ಯಾಪ್‌ಟಾಪ್‌ನ ಗ್ರೌಂಡ್ ಮತ್ತು ರಿಗ್‌ನ ಗ್ರೌಂಡ್ ಒಂದಕ್ಕೊಂದು ಅಂಟದಂತೆ ತಡೆಯಲು. ಅದು ಇಲ್ಲದಿದ್ದರೆ 50 ಹರ್ಟ್ಸ್ ಹಮ್ ಸಿಗ್ನಲ್ ಮೇಲೆ ಸವಾರಿ ಮಾಡುತ್ತದೆ. ಕಂಪ್ಯೂಟರಿನಿಂದ ರಿಗ್‌ಗೆ ಹೋಗುವ ದಾರಿಯಲ್ಲಿ 10 ಕಿಲೋಓಮ್ ಸರಣಿಯಲ್ಲಿ, 1 ಕಿಲೋಓಮ್ ಗ್ರೌಂಡಿಗೆ ಹಾಕಿ. ಒಂದು ವೋಲ್ಟ್ ಹನ್ನೊಂದರಲ್ಲಿ ಒಂದು ಪಾಲಾಗುತ್ತದೆ, ಸುಮಾರು 90 ಮಿಲಿವೋಲ್ಟ್. ಆರು ಪಿನ್ನಿನ ಮಿನಿ-ಡಿನ್ ಡೇಟಾ ಸಾಕೆಟ್ ಇದ್ದರೆ 1 ಡೇಟಾ ಇನ್, 2 ಗ್ರೌಂಡ್, 3 ಪಿಟಿಟಿ (ರಿಗ್ಗನ್ನು ಟ್ರಾನ್ಸ್‌ಮಿಟ್‌ಗೆ ಹಾಕುವ ಪಿನ್), 5 ಆಡಿಯೊ ಔಟ್. ನಾಲ್ಕನೆಯದು 9600 ಪ್ಯಾಕೆಟ್‌ಗೆ, ಅದನ್ನು ಮುಟ್ಟುವುದು ಬೇಡ.

ಪಿಟಿಟಿಯಲ್ಲಿ ಒಂದು ಹಳ್ಳ ಇದೆ, ಬಹಳ ಮಂದಿ ಬೀಳುವುದು ಅದರಲ್ಲೇ. ಎಫ್‌ಟಿ232 ಮಾದರಿಯ ಯುಎಸ್‌ಬಿ-ಸೀರಿಯಲ್ ಬೋರ್ಡುಗಳಲ್ಲಿ ಪಿಟಿಟಿಗೆ ಬಳಸುವ ಆರ್‌ಟಿಎಸ್ ಪಿನ್ ಉಲ್ಟಾ ಕೆಲಸ ಮಾಡುತ್ತದೆ. ಸುಮ್ಮನಿದ್ದಾಗ ಪಿನ್ನಿನ ವೋಲ್ಟೇಜ್ ಮೇಲಿರುತ್ತದೆ, ಸಾಫ್ಟ್‌ವೇರ್ ಪಿಟಿಟಿ ಒತ್ತಿದಾಗ ಕೆಳಗಿಳಿಯುತ್ತದೆ. ಆಪ್ಟೊಕಪ್ಲರಿನ ಎಲ್‌ಇಡಿಯನ್ನು ಆರ್‌ಟಿಎಸ್‌ನಿಂದ ಗ್ರೌಂಡಿಗೆ ಹಾಕಿದರೆ ಬೋರ್ಡ್ ಚುಚ್ಚಿದ ಕೂಡಲೇ ರಿಗ್ ಟ್ರಾನ್ಸ್‌ಮಿಟ್‌ಗೆ ಹೋಗಿ ಅಲ್ಲೇ ಕೂರುತ್ತದೆ. ಎಲ್‌ಇಡಿಯ ಆನೋಡ್ 5 ವೋಲ್ಟಿಗೆ, ಕ್ಯಾಥೋಡ್ 1 ಕಿಲೋಓಮ್ ಮೂಲಕ ಆರ್‌ಟಿಎಸ್‌ಗೆ ಕೊಡಿ. ಬೋರ್ಡ್ ಮೇಲಿನ ಜಂಪರ್ ಕೂಡ 5 ವೋಲ್ಟ್‌ನಲ್ಲೇ ಇರಲಿ. 3.3 ರಲ್ಲಿದ್ದರೆ ಪಿನ್ ಮೇಲಿದ್ದಾಗಲೂ 1.7 ವೋಲ್ಟ್ ಉಳಿದು ಎಲ್‌ಇಡಿ ಅರ್ಧಂಬರ್ಧ ಉರಿಯುತ್ತದೆ, ಪಿಟಿಟಿ ತನಗಿಷ್ಟ ಬಂದಾಗ ಬೀಳುತ್ತದೆ. ಎಲ್ಲ ಸರಿ ಇದ್ದರೂ ಕಂಪ್ಯೂಟರ್ ಬೂಟ್ ಆಗುವಾಗ ಆರ್‌ಟಿಎಸ್ ಒಂದೆರಡು ಸಲ ಮಿಡಿಯುವುದುಂಟು. ಮೊದಲು ಕಂಪ್ಯೂಟರ್, ಆಮೇಲೆ ರಿಗ್. ಈ ಕ್ರಮ ತಪ್ಪಿಸಬೇಡಿ.

ಸದ್ದಿನ ಮಟ್ಟ

ಸೌಂಡ್‌ಕಾರ್ಡಿನ ದರ ಎರಡೂ ದಿಕ್ಕಿಗೆ 48000 ಹರ್ಟ್ಸ್, 16 ಬಿಟ್. ವಿಂಡೋಸ್‌ನ ಎಲ್ಲ ಆಡಿಯೊ ಎನ್‌ಹಾನ್ಸ್‌ಮೆಂಟ್ ಆಫ್. ವಿಂಡೋಸ್‌ನ ಟಿಂಗ್ ಟಾಂಗ್ ಸದ್ದುಗಳಿಗೆ ಲ್ಯಾಪ್‌ಟಾಪ್ ಸ್ಪೀಕರನ್ನೇ ಡೀಫಾಲ್ಟ್ ಮಾಡಿ, ರಿಗ್‌ನ ಕೋಡೆಕ್ಕನ್ನು (ಸೌಂಡ್‌ಕಾರ್ಡನ್ನು) ಡಬ್ಲ್ಯುಎಸ್‌ಜೆಟಿ-ಎಕ್ಸ್‌ಗೆ ಮಾತ್ರ ಮೀಸಲಿಡಿ. ಇಲ್ಲದಿದ್ದರೆ ನಿಮ್ಮ ಇಮೇಲ್ ಬಂದ ಗಂಟೆ 14 ಮೆಗಾಹರ್ಟ್ಸ್‌ನಲ್ಲಿ ಲೋಕಕ್ಕೆಲ್ಲ ಕೇಳಿಸುತ್ತದೆ.

ಸ್ವೀಕರಿಸುವ ಮಟ್ಟವನ್ನು ಸಿಗ್ನಲ್ ಇಲ್ಲದ ಜಾಗದಲ್ಲಿ, ಬರಿ ಬ್ಯಾಂಡ್ ಗದ್ದಲದ ಮೇಲೆ ಹೊಂದಿಸಬೇಕು. ಎಡಮೂಲೆಯ ಹಸಿರು ಪಟ್ಟಿ 30 ಡೆಸಿಬಲ್ ಹತ್ತಿರ ನಿಂತರೆ ಸರಿ. ಕಳುಹಿಸುವ ಮಟ್ಟಕ್ಕೆ ಆಂಟೆನಾ ಬದಲು ಡಮ್ಮಿ ಲೋಡ್ (ಪವರ್ ನುಂಗುವ ರೆಸಿಸ್ಟರ್) ಹಾಕಿ, ರಿಗ್‌ನಲ್ಲಿ ಬೇಕಾದ ಪವರ್ ಇಟ್ಟು, ಟ್ಯೂನ್ ಗುಂಡಿ ಒತ್ತಿ, ಬಲಗಡೆಯ ಪವರ್ ಸ್ಲೈಡರನ್ನು ಕೆಳಗಿನಿಂದ ನಿಧಾನ ಮೇಲೆತ್ತಿ. ಸದ್ದು ಹೆಚ್ಚಾಗಿ ರಿಗ್ ತಾನೇ ಹಿಡಿದೆಳೆಯುವುದನ್ನು ತೋರಿಸುವ ಎಎಲ್‌ಸಿ ಮೀಟರ್ ಅಲುಗಿದ ಕಡೆ ನಿಲ್ಲಿಸಿ ಒಂದು ಕೂದಲು ಕೆಳಗಿಳಿಸಿ. ಎಎಲ್‌ಸಿ ಮೇಲೇರಿಸಿ ಕೂತವರ ಸಿಗ್ನಲ್ ವಾಟರ್‌ಫಾಲ್‌ನಲ್ಲಿ (ಸಿಗ್ನಲ್‌ಗಳು ಕೆಳಗೆ ಹರಿಯುವಂತೆ ತೋರಿಸುವ ತೆರೆಯ ಚಿತ್ರದಲ್ಲಿ) ಎದ್ದು ಕಾಣುತ್ತದೆ: 700 ಹರ್ಟ್ಸ್‌ನಲ್ಲಿ ಒಂದು, 1400ರಲ್ಲಿ ಅದರ ನೆರಳು, 2100ರಲ್ಲಿ ನೆರಳಿನ ನೆರಳು. ಸ್ಪ್ಲಿಟ್ ಆಪರೇಷನ್ ಅನ್ನು ರಿಗ್ ಅಥವಾ ಫೇಕ್ ಇಟ್ ಎಂದು ಆರಿಸಿದರೆ ಸಾಫ್ಟ್‌ವೇರ್ ತಾನೇ ಡಯಲ್ ಸರಿಸಿ ಕಳುಹಿಸುವ ಸದ್ದನ್ನು 1500ರಿಂದ 2000 ಹರ್ಟ್ಸ್ ನಡುವೆ ಇಡುತ್ತದೆ. ಆಗ ಎರಡನೆಯ ಹಾರ್ಮೋನಿಕ್ 3000 ಹರ್ಟ್ಸ್ ದಾಟಿ ರಿಗ್‌ನ ಫಿಲ್ಟರಿಗೆ ಸಿಕ್ಕಿ ಸಾಯುತ್ತದೆ. ಇದನ್ನು ಆರಿಸದೆ ಬಿಡಲು ಕಾರಣವೇ ಇಲ್ಲ.

ಪವರ್ ಬಗ್ಗೆ ಒಂದು ಮಾತು. ಎಫ್‌ಟಿ8 ಒಂದು ಸರದಿಯಲ್ಲಿ 12.64 ಸೆಕೆಂಡ್ ಬಿಡುವಿಲ್ಲದೆ ಪೂರ್ತಿ ಪವರ್ ಎಳೆಯುತ್ತದೆ. ಧ್ವನಿಯ ಹಾಗೆ ಉಸಿರಾಡುವುದಿಲ್ಲ. 100 ವ್ಯಾಟ್‌ನ ರಿಗ್ಗನ್ನು 30-40ರಲ್ಲಿ ಓಡಿಸಿದರೆ ಫೈನಲ್ ಟ್ರಾನ್ಸಿಸ್ಟರ್ ತಣ್ಣಗಿರುತ್ತದೆ.

ಗಡಿಯಾರ

ಎಫ್‌ಟಿ8 ನಿಮಿಷವನ್ನು 15 ಸೆಕೆಂಡಿನ ನಾಲ್ಕು ಹೋಳು ಮಾಡುತ್ತದೆ. ನಿಮ್ಮ ಗಡಿಯಾರ ಒಂದು ಸೆಕೆಂಡಿನೊಳಗೆ ಸರಿ ಇರಬೇಕು, ಅರ್ಧ ಸೆಕೆಂಡಿನೊಳಗಿದ್ದರೆ ನಿಶ್ಚಿಂತೆ. ಇಂಟರ್‌ನೆಟ್ ಇರುವವರೆಗೆ ಇದು ಯಾರ ತಲೆಗೂ ಬರುವುದಿಲ್ಲ. ಆದರೆ ಜುಲೈಯಲ್ಲಿ ಮರ ಬಿದ್ದು ಕರೆಂಟ್ ಹೋಗಿ, ಟವರಿನ ಬ್ಯಾಟರಿ ಮುಗಿದು, ಮೊಬೈಲೂ ಸತ್ತು ಮೂರು ದಿನವಾದರೆ? ಲ್ಯಾಪ್‌ಟಾಪ್ ಒಳಗಿನ ಕ್ರಿಸ್ಟಲ್ 20 ಪಿಪಿಎಂ (ಹತ್ತು ಲಕ್ಷಕ್ಕೆ 20) ತಪ್ಪಿದರೂ ದಿನಕ್ಕೆ 1.7 ಸೆಕೆಂಡ್. ಮೂರನೆಯ ದಿನ 5 ಸೆಕೆಂಡ್ ಆಚೆ. ವಾಟರ್‌ಫಾಲ್ ತುಂಬ ಸಿಗ್ನಲ್ ಹರಿಯುತ್ತಿರುತ್ತದೆ, ಒಂದೂ ಡಿಕೋಡ್ ಆಗುವುದಿಲ್ಲ. ರಿಗ್ ಕೆಟ್ಟಿತೆಂದು ಬಿಚ್ಚಲು ಕೂರುವವರಿದ್ದಾರೆ.

ಮದ್ದು ಸರಳ: ಒಂದು ಯುಎಸ್‌ಬಿ ಜಿಪಿಎಸ್ ಡಾಂಗಲ್. ಲಿನಕ್ಸ್‌ನಲ್ಲಿ ಜಿಪಿಎಸ್‌ಡಿ ಜೊತೆ ಕ್ರೋನಿ, ವಿಂಡೋಸ್‌ನಲ್ಲಿ ಡಾಂಗಲ್ ಕಳಿಸುವ ಎನ್‌ಎಂಇಎ ಸಾಲುಗಳನ್ನು ಓದಿ ಸಮಯ ಹೊಂದಿಸುವ ಯಾವುದಾದರೂ ಪುಟ್ಟ ಸಾಫ್ಟ್‌ವೇರ್. ಯುಎಸ್‌ಬಿ ದಾರಿಯಲ್ಲಿ ಬರುವ ಸಮಯ ಸೆಕೆಂಡಿನ ಒಂದೆರಡು ಹತ್ತನೇ ಭಾಗ ತಡವಾಗಿರುತ್ತದೆ, ಎಫ್‌ಟಿ8ಗೆ ಅದು ಲೆಕ್ಕಕ್ಕಿಲ್ಲ. ತೋಟದ ಮರದಡಿ ಡಾಂಗಲ್ಲಿಗೆ ಆಕಾಶ ಕಾಣುವುದಿಲ್ಲ. ಮೂರು ಮೀಟರ್ ಎಕ್ಸ್‌ಟೆನ್ಷನ್ ಹಾಕಿ ಅಂಗಳಕ್ಕೆ ತನ್ನಿ.

ಡಾಂಗಲ್ ಇಲ್ಲದಿದ್ದರೂ ದಾರಿ ಇದೆ. ಡಿಕೋಡ್ ಪಟ್ಟಿಯಲ್ಲಿ ಡಿಟಿ (ಸೆಕೆಂಡಿನಲ್ಲಿ ಸಮಯದ ವ್ಯತ್ಯಾಸ) ಎಂಬ ಕಾಲಂ ನೋಡಿ. ಎಲ್ಲರದೂ 1.2ರ ಆಸುಪಾಸಿದ್ದರೆ ತಪ್ಪು ಅವರದ್ದಲ್ಲ. ನಿಮ್ಮ ಗಡಿಯಾರ 1.2 ಸೆಕೆಂಡ್ ಮುಂದಿದೆ, ಹಿಂದಕ್ಕೆ ತನ್ನಿ. ಮೈನಸ್ ಇದ್ದರೆ ಮುಂದಕ್ಕೆ. ಒಂದೇ ಸ್ಟೇಷನ್ ನೋಡಿ ತಿದ್ದಬೇಡಿ, ಅದರ ಗಡಿಯಾರವೇ ತಪ್ಪಿರಬಹುದು. ಹತ್ತಾರರ ಸರಾಸರಿ ಹಿಡಿಯಿರಿ. ಏನೂ ಡಿಕೋಡ್ ಆಗದಷ್ಟು ದೂರ ಹೋಗಿದ್ದರೆ ವಾಟರ್‌ಫಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ಶುರುವಾಗುವ ಕ್ಷಣ ಕಣ್ಣಿಗೇ ಕಾಣುತ್ತದೆ. ಆ ಕ್ಷಣಕ್ಕೆ ನಿಮ್ಮ ಗಡಿಯಾರ 00, 15, 30, 45ರಲ್ಲಿ ಹತ್ತಿರದ್ದನ್ನು ತೋರಿಸುವಂತೆ ಕೈಯಿಂದ ತಿದ್ದಿ, ಉಳಿದದ್ದನ್ನು ಡಿಟಿ ನೋಡಿ ಸರಿಪಡಿಸಿ.

ಬೇಲಿಯ ಟಿಕ್ ಟಿಕ್

ಬೆಂಗಳೂರಿನ ಹ್ಯಾಮ್‌ಗೆ ಗೊತ್ತಿಲ್ಲದ ಒಂದು ಕಾಟ ನಮಗಿದೆ: ಆನೆ ಬೇಲಿ. ಸೋಲಾರ್ ಬೇಲಿಯ ಎನರ್ಜೈಸರ್ ಸೆಕೆಂಡಿಗೆ ಸರಿಸುಮಾರು ಒಂದು ಹೈವೋಲ್ಟೇಜ್ ಏಟು ಕೊಡುತ್ತದೆ. ತಂತಿ ಚೊಕ್ಕವಾಗಿದ್ದರೆ ಅದರಿಂದ ಹೆಚ್ಚು ತೊಂದರೆ ಇಲ್ಲ. ಮಳೆಗಾಲದಲ್ಲಿ ಕಾಡುಬಳ್ಳಿ ಹಬ್ಬಿ ತಂತಿಗೆ ತಾಗಿದಾಗ, ಇನ್ಸುಲೇಟರ್ ಬಿರುಕು ಬಿಟ್ಟಾಗ, ತಂತಿಯ ಗಂಟು ತುಕ್ಕು ಹಿಡಿದಾಗ ಪ್ರತಿ ಏಟಿಗೂ ಅಲ್ಲಿ ಪುಟ್ಟ ಕಿಡಿ ಹಾರುತ್ತದೆ. ಕಿಲೋಮೀಟರುಗಟ್ಟಲೆ ತಂತಿ ಅದಕ್ಕೆ ಆಂಟೆನಾ. ವಾಟರ್‌ಫಾಲ್‌ನಲ್ಲಿ ಈ ಕಡೆಯಿಂದ ಆ ಕಡೆಗೆ ತೆಳ್ಳಗಿನ ಅಡ್ಡಗೆರೆ, ಅಳತೆ ಇಟ್ಟು ಎಳೆದಂತೆ ಒಂದರ ಕೆಳಗೊಂದು.

ಎಫ್‌ಟಿ8ನ ತಪ್ಪು ತಿದ್ದುವ ಕೋಡ್ ಗಟ್ಟಿ. ಕೆಲವೇ ಮಿಲಿಸೆಕೆಂಡಿನ ಏಟನ್ನು ಅದು ನುಂಗಿಕೊಳ್ಳುತ್ತದೆ. ಕೆಡಿಸುವುದು ರಿಗ್‌ನ ಎಜಿಸಿ, ಅಂದರೆ ಸ್ವೀಕರಿಸುವ ಗೇನನ್ನು ತಾನೇ ಏರಿಳಿಸುವ ಏರ್ಪಾಡು. ಏಟು ಬಿದ್ದ ಕೂಡಲೇ ಎಜಿಸಿ ಗೇನ್ ಇಳಿಸಿ, ಮತ್ತೆ ಮೇಲೇಳಲು ಸೆಕೆಂಡಿನ ಕಾಲು ಭಾಗವೋ ಅರ್ಧವೋ ತೆಗೆದುಕೊಳ್ಳುತ್ತದೆ. ಅಷ್ಟೂ ಹೊತ್ತು ರಿಸೀವರ್ ಕಿವುಡು. ಎಜಿಸಿಯನ್ನು ಫಾಸ್ಟ್‌ಗೆ ಹಾಕಿ, ಸಾಧ್ಯವಿದ್ದರೆ ಆಫ್ ಮಾಡಿ ಆರ್‌ಎಫ್ ಗೇನ್ ಕೈಯಲ್ಲಿ ಇಳಿಸಿ, ನಾಯ್ಸ್ ಬ್ಲಾಂಕರ್ ಹಾಕಿ. ನಾಯ್ಸ್ ರಿಡಕ್ಷನ್ ಮಾತ್ರ ಹಾಕಬೇಡಿ. ಅದು ಮನುಷ್ಯರ ಕಿವಿಗೆ ಮಾಡಿದ್ದು, ಡಿಕೋಡರಿಗೆ ವಿಷ. ಬೇಲಿ ನಿಮ್ಮದೇ ಆದರೆ ಎನರ್ಜೈಸರ್ ಆಫ್ ಮಾಡಿಕೊಂಡು ಬಳ್ಳಿ ಸವರಿಸಿ, ಗಂಟುಗಳನ್ನು ಕ್ಲ್ಯಾಂಪ್ ಹಾಕಿ ಬಿಗಿಸಿ. ಪಕ್ಕದವರದ್ದೋ ಅರಣ್ಯ ಇಲಾಖೆಯದ್ದೋ ಆದರೆ ಹೇಳಿಕಳಿಸುವುದು ಬಿಟ್ಟು ಬೇರೇನೂ ಮಾಡುವ ಹಾಗಿಲ್ಲ.

ಉಳಿದ ಗದ್ದಲ ಮನೆಯೊಳಗಿನದು. ರಿಗ್ಗನ್ನೂ ಲ್ಯಾಪ್‌ಟಾಪನ್ನೂ ಬ್ಯಾಟರಿಯಲ್ಲಿ ಓಡಿಸಿ, ಮನೆಯ ಮೇನ್ ಸ್ವಿಚ್ ಇಳಿಸಿ, ವಾಟರ್‌ಫಾಲ್ ನೋಡಿ. ಕಪ್ಪಾಯಿತೋ, ಕಳ್ಳ ಮನೆಯಲ್ಲೇ ಇದ್ದಾನೆ. ಆಗ ಒಂದೊಂದೇ ಎಂಸಿಬಿ ಮೇಲೆತ್ತಿ. 100 ಹರ್ಟ್ಸ್ ಅಂತರದ ಗೆರೆಗಳ ಏಣಿ ಕಂಡರೆ ಅದು ಕರೆಂಟಿನಿಂದ ಓಡುವ ಅಡಾಪ್ಟರ್ ಅಥವಾ ಎಲ್‌ಇಡಿ ಬಲ್ಬು. ಹುಳುವಿನ ಹಾಗೆ ತೆವಳುವ ಮಸುಕು ಪಟ್ಟಿಯಾದರೆ ಇನ್ವರ್ಟರೋ ಸೋಲಾರ್ ಚಾರ್ಜ್ ಕಂಟ್ರೋಲರೋ.

ಆಂಟೆನಾ, ಸಿಲ್ವರ್ ಓಕ್, ಏಣಿ

ಎಫ್‌ಟಿ8 ಜಾಗವಾದ 7.074 ಮೆಗಾಹರ್ಟ್ಸ್‌ನ ಡೈಪೋಲಿಗೆ (ನಡುವೆ ಕೇಬಲ್ ಸೇರುವ ಎರಡು ತೋಳಿನ ತಂತಿ ಆಂಟೆನಾಗೆ) ಒಟ್ಟು ಉದ್ದ ಸುಮಾರು 20.2 ಮೀಟರ್. ತೋಳಿಗೆ 10.4 ಮೀಟರಿನಂತೆ ಎರಡು ತುಂಡು ಕತ್ತರಿಸಿ, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಮರಳುವ ಪವರಿನ ಅಳತೆ) ನೋಡುತ್ತಾ ಗಿಡ್ಡ ಮಾಡಿ. ಇದೇ ತಂತಿ ಮೂರನೆಯ ಹಾರ್ಮೋನಿಕ್‌ನಲ್ಲಿ 21 ಮೆಗಾಹರ್ಟ್ಸಿಗೂ ಒದಗುತ್ತದೆ, ಅಲ್ಲಿನ ಎಫ್‌ಟಿ8 ಜಾಗ 21.074. ಮಡಿಕೇರಿಯಿಂದ ಮೈಸೂರು ನೇರ ಗೆರೆಯಲ್ಲಿ ಸುಮಾರು 100 ಕಿಲೋಮೀಟರ್, ಬೆಂಗಳೂರು 210. ಇಷ್ಟು ಹತ್ತಿರಕ್ಕೆ ಸಿಗ್ನಲ್ ನೆಟ್ಟಗೆ ಮೇಲಕ್ಕೆ ಹೋಗಿ ಮಳೆಯಂತೆ ಕೆಳಗಿಳಿಯಬೇಕು. ಹಾಗಾಗಿ ಆರೆಂಟು ಮೀಟರ್ ಎತ್ತರ ಸಾಕು, ಸುತ್ತ ಗುಡ್ಡವಿದ್ದರೂ ಬಾಧಕವಿಲ್ಲ. ಹಗಲು 7 ಮೆಗಾಹರ್ಟ್ಸ್ ಇದಕ್ಕೆ ಹೇಳಿ ಮಾಡಿಸಿದ್ದು. ರಾತ್ರಿ ಕಳೆದು ಬೆಳಗಿನ ಜಾವದ ಹೊತ್ತಿಗೆ ಹತ್ತಿರದವರು ಮಾಯವಾಗಿ ದೂರದವರು ತುಂಬಿದರೆ 3.573ಕ್ಕೆ ಇಳಿಯಿರಿ.

ಕಾಫಿ ತೋಟದಲ್ಲಿ ಕಂಬ ನೆಡುವ ಖರ್ಚಿಲ್ಲ, ಸಿಲ್ವರ್ ಓಕ್ ಇದೆ. ಕವಣೆಯಲ್ಲಿ ಮೀನಿನ ಗಾಳದ ದಾರ ಹಾರಿಸಿ, ಅದರ ಬಾಲಕ್ಕೆ ನೈಲಾನ್ ಹಗ್ಗ ಕಟ್ಟಿ ಎಳೆದುಕೊಳ್ಳಿ. ಆದರೆ ಜೂನ್-ಜುಲೈ ಗಾಳಿಗೆ ಆ ಮರ ಒಂದು ಮೀಟರ್ ಆಚೀಚೆ ತೂಗುತ್ತದೆ. ಎರಡು ತುದಿಯನ್ನೂ ಬಿಗಿ ಕಟ್ಟಿದರೆ ತಂತಿ ತುಂಡಾಗುವುದು ಖಂಡಿತ. ಒಂದು ತುದಿಯ ಹಗ್ಗವನ್ನು ರಾಟೆ ಮೇಲೆ ಹಾಯಿಸಿ ನಾಲ್ಕೈದು ಕಿಲೋ ಕಲ್ಲು ನೇತುಹಾಕಿ, ಮರ ತೂಗಿದಂತೆ ಕಲ್ಲು ಏರಿಳಿಯುತ್ತದೆ. ಫೀಡ್‌ಪಾಯಿಂಟಿನಲ್ಲಿ (ಕೇಬಲ್ ಆಂಟೆನಾಗೆ ಸೇರುವ ಕಡೆ) ಎಫ್‌ಟಿ240-43 ಫೆರೈಟ್ ಉಂಗುರಕ್ಕೆ ಆರ್‌ಜಿ-58 ಕೋಯಾಕ್ಸ್ ಕೇಬಲ್ಲನ್ನು ಎಂಟು-ಹತ್ತು ಸುತ್ತು ಸುತ್ತಿ. ಇದಿಲ್ಲದಿದ್ದರೆ ಕೋಯಾಕ್ಸಿನ ಹೊರಮೈಯಲ್ಲಿ ಆರ್‌ಎಫ್ ಇಳಿದು ಬಂದು ಯುಎಸ್‌ಬಿ ಕೇಬಲ್ ಹಿಡಿಯುತ್ತದೆ. ಟ್ರಾನ್ಸ್‌ಮಿಟ್ ಮಧ್ಯೆ ರಿಗ್ ಕಂಟ್ರೋಲ್ ಎರರ್ ಬಂದು, ಮೌಸ್ ಸತ್ತು, ಪಿಟಿಟಿ ಕಚ್ಚಿಕೊಂಡರೆ ರೋಗ ಇದೇ. ಕೋಯಾಕ್ಸಿನ ಪ್ಲಗ್‌ಗೆ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ ಸುತ್ತಿ, ಮನೆಯೊಳಗೆ ಬರುವ ಮುನ್ನ ಕೇಬಲ್ಲನ್ನು ಒಂದು ಜೋಲಿ ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಒಳಗೆ ನೀರು ಹೋದ ಕೋಯಾಕ್ಸ್ ಎಸ್‌ಡಬ್ಲ್ಯುಆರ್ ಚೆನ್ನಾಗಿಯೇ ತೋರಿಸುತ್ತದೆ, ಏಕೆಂದರೆ ಹೋದ ಪವರನ್ನೂ ಮರಳುವ ಪವರನ್ನೂ ಅದೇ ನುಂಗುತ್ತಿರುತ್ತದೆ.

ಕರಿಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಆಂಟೆನಾ ಕಟ್ಟಲು ಕೈಗೆ ಸಿಗುತ್ತದೆ. 11 ಕೆವಿ ಲೈನ್ ಹಾದ ತೋಟದಲ್ಲಿ ಅದನ್ನು ಎತ್ತಬೇಡಿ. ತಂತಿ ಕಡಿದು ಬಿದ್ದರೂ ಲೈನಿಗೆ ಎಟುಕದ ಜಾಗ ಆರಿಸಿ.

ಸಂದೇಶಕ್ಕೆ ಎಫ್‌ಟಿ8 ಒದಗುವುದಿಲ್ಲ

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಕಡಿದ ಮೇಲೆ ಹ್ಯಾಮ್ ರೇಡಿಯೊ ಬಗ್ಗೆ ಇಲ್ಲಿ ಕುತೂಹಲ ಸಹಜ. ಆದರೆ ಎಫ್‌ಟಿ8 ಕಲಿತರೆ ವಿಪತ್ತಿಗೆ ತಯಾರು ಎಂದುಕೊಳ್ಳಬೇಡಿ. ಅದರಲ್ಲಿ ಸ್ವಂತ ಮಾತಿಗೆ ಸಿಗುವುದು ಸರದಿಗೆ 13 ಅಕ್ಷರ. "ಎರಡು ಕುಟುಂಬ, ಇನ್ಸುಲಿನ್ ಬೇಕು" ಎಂದು ಕಳಿಸಲು ಅದು ಹುಟ್ಟಿದ್ದಲ್ಲ. 2017ರಲ್ಲಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ ಅದನ್ನು ಹೊರತಂದದ್ದು ಚುಟುಕು ವಿನಿಮಯಕ್ಕೆ: ಕಾಲ್‌ಸೈನ್, ಗ್ರಿಡ್, ರಿಪೋರ್ಟ್ (ಸಿಗ್ನಲ್ ಎಷ್ಟು ಬಲವೆಂಬ ಅಂಕಿ), 73 (ಹ್ಯಾಮ್‌ಗಳ ಶುಭಾಶಯ). ದಾರಿ ತೆರೆದಿದೆಯೇ ಎಂದು ನೋಡಲು ಅದನ್ನು ಬಳಸಿ. ಮಾತಿಗೆ ಬೇರೆ ಮೋಡ್.

ಜೆಎಸ್8ಕಾಲ್ ಎಫ್‌ಟಿ8ನ ತಂತ್ರದ ಮೇಲೆಯೇ ನಿಂತಿದೆ, ಆದರೆ ಉದ್ದ ಸಂದೇಶವನ್ನು ಹಲವು ಸರದಿಗೆ ಹಂಚಿ ಕಳಿಸುತ್ತದೆ. 7.078ರಲ್ಲಿ ಸಿಗುತ್ತದೆ. ನಾರ್ಮಲ್‌ನಲ್ಲಿ 15 ಸೆಕೆಂಡಿನ ಸರದಿ, ಸ್ಲೋದಲ್ಲಿ 30, ಫಾಸ್ಟ್ 10, ಟರ್ಬೊ 6. ನಿಮಗೆ ಕೇಳಿಸದ ಸ್ಟೇಷನ್ನಿಗೆ ನಡುವಿನವರ ಮೂಲಕ ದಾಟಿಸಬಹುದು, ಅವರ ಇನ್‌ಬಾಕ್ಸಿನಲ್ಲಿ ಬಿಟ್ಟುಹೋಗಬಹುದು. ಎದುರಿನವರು ಚೆನ್ನಾಗಿ ಕೇಳುತ್ತಿದ್ದರೆ ಎಫ್‌ಎಲ್‌ಡಿಜಿ ಸಾಫ್ಟ್‌ವೇರಿನಲ್ಲಿ ಪಿಎಸ್‌ಕೆ31 ಎಂಬ ಬರಹದ ಮೋಡ್ ಹಗುರ. ಅದರ ಜೊತೆಯ ಎಫ್‌ಎಲ್‌ಎಂಎಸ್‌ಜಿ ಸಂದೇಶದ ಫಾರ್ಮಿಗೆ ಚೆಕ್‌ಸಮ್ (ತಾಳೆ ನೋಡುವ ಅಂಕಿ) ಸೇರಿಸುವುದರಿಂದ ತಪ್ಪು ಬಂದದ್ದು ತಿಳಿಯುತ್ತದೆ. ಸಂಜೆ ಸೂರ್ಯ ಮುಳುಗಿದ ಮೇಲೆ ಮಾತ್ರ ಪಿಎಸ್‌ಕೆ31 ಕೈಕೊಡುವುದುಂಟು. ನಾವು ಕಾಂತೀಯ ಸಮಭಾಜಕಕ್ಕೆ ಹತ್ತಿರದಲ್ಲಿದ್ದೇವೆ. ಆ ಹೊತ್ತಿಗೆ ತರಂಗ ಮರಳಿಸುವ ಆಕಾಶದ ಎಫ್ ಪದರ ಕದಡಿ ಸಿಗ್ನಲ್‌ಗೆ ನಡುಕ ಹಿಡಿಯುತ್ತದೆ, ತರಂಗದ ಫೇಸ್ (ಏರಿಳಿತದ ಸ್ಥಾನ) ನಂಬಿದ ಪಿಎಸ್‌ಕೆ31ನಂಥ ಮೋಡ್ ತತ್ತರಿಸುತ್ತದೆ.

ಕನ್ನಡದಲ್ಲೇ ಕಳಿಸಬಹುದೇ? ಎಫ್‌ಎಲ್‌ಡಿಜಿ ಯುಟಿಎಫ್-8 ಕಳಿಸುತ್ತದೆ, ಲೆಕ್ಕ ಹಾಕಿ ನೋಡಿ. "ಮಡಿಕೇರಿ" ಎಂದರೆ ಏಳು ಕೋಡ್, ಒಂದೊಂದಕ್ಕೆ ಮೂರು ಬೈಟ್, ಒಟ್ಟು 21. ಪಿಎಸ್‌ಕೆ31ನ ವ್ಯಾರಿಕೋಡ್‌ನಲ್ಲಿ (ಹೆಚ್ಚು ಬಳಕೆಯ ಅಕ್ಷರಕ್ಕೆ ಕಡಿಮೆ ಬಿಟ್ ಕೊಡುವ ಕ್ರಮದಲ್ಲಿ) ಇಂಥ ಬೈಟ್ ಒಂದಕ್ಕೆ ಸುಮಾರು 13 ಬಿಟ್, ಸೆಕೆಂಡಿಗೆ ಹೋಗುವುದು 31.25. ಎಂಟು-ಒಂಬತ್ತು ಸೆಕೆಂಡ್ ಆಯಿತು. ಅದೇ ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದರೆ 77 ಬಿಟ್, 2.5 ಸೆಕೆಂಡ್. ಸಣ್ಣಕ್ಷರದಲ್ಲಿ 55 ಬಿಟ್, 1.8 ಸೆಕೆಂಡ್. ಸಾಲದ್ದಕ್ಕೆ ಮೂರು ಬೈಟಿನಲ್ಲಿ ಒಂದು ಕೆಟ್ಟರೂ ಅಕ್ಷರವೇ ಹೋಗುತ್ತದೆ. ಹಾಗಾಗಿ ವಾಟ್ಸಾಪಿನಲ್ಲಿ ಮಾಡುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯಿರಿ, ಸಣ್ಣಕ್ಷರದಲ್ಲಿ. ಗುಟ್ಟಿನ ಸಂಕೇತ ಮಾತ್ರ ಕೂಡದು. ಅರ್ಥ ಮುಚ್ಚಿಡುವ ಕೋಡ್ ಹ್ಯಾಮ್ ಬ್ಯಾಂಡಿನಲ್ಲಿ ನಿಷಿದ್ಧ.

ಬ್ಯಾಟರಿ

ಮನೆಯ ಇನ್ವರ್ಟರಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದ್ದರೆ ಬೇರೆ ಬೇಡ. ಇನ್ವರ್ಟರಿನ ಔಟ್‌ಪುಟ್‌ಗೆ ಪವರ್ ಸಪ್ಲೈ ಚುಚ್ಚಬೇಡಿ; ಗದ್ದಲವೂ ಹೌದು, ನಷ್ಟವೂ ಹೌದು. ಬ್ಯಾಟರಿ ಟರ್ಮಿನಲ್ಲಿನಿಂದಲೇ ಫ್ಯೂಸ್ ಹಾಕಿ ನೇರ ವೈರ್ ಎಳೆಯಿರಿ. ಸ್ವೀಕರಿಸುವಾಗ 1 ಆಂಪಿಯರ್, 25 ವ್ಯಾಟ್ ಕಳಿಸುವಾಗ 9 ಎಂದಿಟ್ಟುಕೊಂಡರೆ, ಸರದಿ ಬಿಟ್ಟು ಸರದಿ ಕಳಿಸುವುದರಿಂದ ಸರಾಸರಿ 5. ಬ್ಯಾಟರಿಯ ಅರ್ಧ ಬಳಸಿದರೂ 75 ಭಾಗಿಸು 5, ಹದಿನೈದು ಗಂಟೆ. ವೈರ್ ತೆಳ್ಳಗಿದ್ದರೆ ಲೆಕ್ಕ ಕೆಡುತ್ತದೆ: 2.5 ಚದರ ಮಿಲಿಮೀಟರಿನ ವೈರ್ ಮೂರು ಮೀಟರ್ ದೂರ, ಹೋಗಿ ಬರುವುದು ಆರು, ರಿಗ್ ಪೂರ್ತಿ ಪವರಿನಲ್ಲಿ 20 ಆಂಪಿಯರ್ ಎಳೆದರೆ 0.9 ವೋಲ್ಟ್ ದಾರಿಯಲ್ಲೇ ಖರ್ಚು. 13.8 ವೋಲ್ಟಿನ ರಿಗ್ ಶೇ 15 ಇಳಿಕೆ ತಾಳಿದರೂ 11.7ರ ಕೆಳಗೆ ಎಡವುತ್ತದೆ. 6 ಚದರ ಮಿಲಿಮೀಟರ್ ಹಾಕಿ.

ಏಪ್ರಿಲ್‌ನಲ್ಲಿ ಹೂಮಳೆಯ ಜೊತೆ ಗುಡುಗು ಬರುವಾಗ ಕೋಯಾಕ್ಸ್ ಒಂದನ್ನೇ ಕಿತ್ತರೆ ಸಾಲದು. ರಿಗ್‌ನ ಡಿಸಿ ವೈರ್ ಕಿತ್ತು, ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು, ನಡುವಿನ ಯುಎಸ್‌ಬಿ ಕೇಬಲ್ಲನ್ನೂ ಕಿತ್ತಿಡಿ. ಕೋಯಾಕ್ಸಿನ ತುದಿ ಮೇಜಿನ ಕೆಳಗೆ ಬಿದ್ದಿರಬಾರದು, ಕಿಟಕಿಯ ಆಚೆ ಇರಬೇಕು.